ಒಂದು ಗಂಟೆ ಕತ್ತಲು

ಹೊತ್ತೇ ಮುಳುಗದ ಊರಿನಲ್ಲಿ ಬ್ಯಾಟರಿ ಯಾರು ಮಾರುತ್ತಾರೆ? ಸೋಲಾರ್ ಫಲಕಗಳಿಗೆ ರಾತ್ರಿಯೂ ಬಿಸಿಲು ಬೀಳಲೆಂದು ಆಕಾಶದಲ್ಲಿ ಕನ್ನಡಿಗಳನ್ನು ತೂಗುಹಾಕಿ ಹನ್ನೆರಡು ವರ್ಷವಾಗಿತ್ತು. ಇವತ್ತು ರಾತ್ರಿ ರಿಪೇರಿಗೆಂದು ಅವನ್ನು ಒಂದು ಗಂಟೆ ಹೊತ್ತು ಬೇರೆ ಕಡೆ ತಿರುಗಿಸುವವರಿದ್ದರು. ತಿಪ್ಪೇಸ್ವಾಮಿ ಹಳೆಯ ಕ್ಯಾಮೆರಾ ತೆಗೆದರೆ ಅದರ ಬ್ಯಾಟರಿ ಪೂರಿಯ ಹಾಗೆ ಊದಿಕೊಂಡಿತ್ತು. ಆ ಜಾಗಕ್ಕೆ ಅದೇ ಅಳತೆಯ ಮರದ ತುಂಡು ಕೂರಿಸಿ, ವೈರು ಎಳೆದು, ಅಡಾಪ್ಟರನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದ.

“ಕತ್ಲಾದ್ರೆ ಕರೆಂಟೂ ಹೋಯ್ತೈತೆ ಕಣಣ್ಣ,” ಎಂದ ಲೈನ್‌ಮನ್ ಬೋರಯ್ಯ.

“ಕೈ ಮುಗೀತೀನಿ ಮಾರಾಯ, ಪಕ್ಕದ ಜಿಲ್ಲೆಯಿಂದಾದ್ರೂ ಎಳ್ದು ಕೊಡು.”

ಈ ಪರದಾಟವೆಲ್ಲ ಹೆಂಡತಿ ಓಬಮ್ಮನಿಗಾಗಿ. “ಮದ್ವೇಲಿ ಮಟಮಟ ಮಧ್ಯಾಹ್ನ ಅರುಂಧತಿ ನಕ್ಷತ್ರ ತೋರ್ಸಿದ್ರಿ. ಏನೂ ಕಾಣ್ದಿದ್ರೂ ಕಾಣ್ತು ಅಂದೆ. ಸಾಯೋಕೆ ಮುಂಚೆ ಒಂದ್ಸಲ ನಿಜವಾಗ್ಲೂ ತೋರ್ಸಿ,” ಎಂದಿದ್ದಳು. ಅವಳ ಮಂಜುಗಣ್ಣಿಗೆ ಆಕಾಶ ಕಾಣದು, ಫೋಟೊ ಹಿಗ್ಗಿಸಿಯೇ ತೋರಿಸಬೇಕು.

ಕತ್ತಲಾಯಿತು. ಬೋರಯ್ಯ ಮಾತು ಉಳಿಸಿಕೊಂಡ, ಕರೆಂಟು ಬಂತು, ಕ್ಯಾಮೆರಾ ಕಣ್ಣು ಬಿಟ್ಟಿತು. ಜೊತೆಗೇ, ಕತ್ತಲಾದರೆ ತಾವಾಗಿ ಹೊತ್ತಿಕೊಳ್ಳುವ ಬೀದಿದೀಪಗಳೂ ಹನ್ನೆರಡು ವರ್ಷದ ನಿದ್ದೆ ಮುಗಿಸಿ ಭಗ್ಗನೆ ಎದ್ದವು.

“ಆರ್ಸೋ ಬೋರಯ್ಯ!”

“ಆರ್ಸಿದ್ರೆ ನಿನ್ ಕ್ಯಾಮೆರಾನೂ ಸಾಯ್ತೈತಣ್ಣ. ಎಲ್ಲ ಒಂದೇ ಲೈನು!”

ಪೂರ್ತಿ ಒಂದು ಗಂಟೆ ತಿಪ್ಪೇಸ್ವಾಮಿ ಫೋಟೊ ಹೊಡೆದ. ಒಂದೊಂದೂ ಮಜ್ಜಿಗೆಯಂತೆ ಬೆಳ್ಳಗೆ. ಕನ್ನಡಿಗಳು ತಿರುಗಿ ಮತ್ತೆ ಬಿಸಿಲು ಬಿತ್ತು. ಓಬಮ್ಮ ಕ್ಯಾಮೆರಾದ ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

“ಕಾಣ್ತೇನೇ?”

ಅವಳು ತಲೆಯೆತ್ತಿ ಗಂಡನ ಕಡೆ ತಿರುಗಿದಳು.

“ಕಾಣ್ತು ಕಣ್ರೀ. ಅವತ್ತು ಕಂಡಂಗೇ ಐತೆ.”