ಖಾಲಿ ಡಬ್ಬಿ

ವಿಮಲಾಕ್ಷಿಯವರ ಮನೆಯಲ್ಲಿ ತಾರೀಖು ಮುಗಿದದ್ದನ್ನು ಯಾರೂ ಬಾಯಿಗಿಡುವಂತಿರಲಿಲ್ಲ. ಹಾಗೆಂದು ಎಸೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಅಂಥದ್ದೆಲ್ಲ ಸ್ಟೀಲ್ ಡಬ್ಬಿಯಲ್ಲಿ ಕೆಲಸದ ಚಿಕ್ಕತಾಯಮ್ಮನ ಮನೆಗೆ ಹೋಗುತ್ತಿತ್ತು.

ಹೋದ ವಾರ ಶಾವಿಗೆಯ ಪ್ಯಾಕೆಟ್ಟೊಂದು ಹೋಯಿತು.

“ತಾರೀಖು ಮುಗಿದು ಎರಡು ತಿಂಗಳಾಗಿದೆ, ಅಷ್ಟೆ. ಅದು ಕಂಪನಿಯವರು ಸುಮ್ನೆ ಹಾಕೋದು. ಮೂಸಿ ನೋಡು, ವಾಸನೆ ಬಂದಿಲ್ಲ ಅಂದ್ರೆ ಏನೂ ಆಗಲ್ಲ,” ಎಂದು ವಿಮಲಾಕ್ಷಿಯವರು ಧೈರ್ಯ ಹೇಳಿ ಕಳಿಸಿದ್ದರು.

ಇವತ್ತು ಬೆಳಿಗ್ಗೆ ಚಿಕ್ಕತಾಯಮ್ಮ ಡಬ್ಬಿ ವಾಪಸ್ ತಂದಳು. ಅದರ ತುಂಬ ಬಿಸಿ ಬಿಸಿ ಶಾವಿಗೆ ಪಾಯಸವಿತ್ತು.

“ಇದೆಲ್ಲ ಯಾಕೆ ಮಾಡಕ್ಕೆ ಹೋದೆ?”

“ಡಬ್ಬಿ ಖಾಲಿ ಕೊಡಬಾರ್ದು ಕಣ್ರಮ್ಮ.”

ವಿಮಲಾಕ್ಷಿಯವರು ಒಂದು ಬಟ್ಟಲು ಮುಗಿಸಿ, ಗಂಡನಿಗೂ ಮಗಳಿಗೂ ಬಡಿಸಿದರು. ಅವರಿಬ್ಬರೂ ಎರಡೆರಡು ಸಲ ಹಾಕಿಸಿಕೊಂಡರು. ತಳದಲ್ಲಿದ್ದದ್ದನ್ನೂ ಬಳಿದು ತಿಂದ ಮೇಲೆ ವಿಮಲಾಕ್ಷಿಯವರು ಕೇಳಿದರು:

“ಬಹಳ ಚೆನ್ನಾಗಿತ್ತು. ಶಾವಿಗೆ ಯಾವ ಅಂಗಡೀದು? ನಾನೂ ಅದನ್ನೇ ತರಿಸ್ತೀನಿ.”

“ಅಂಗಡೀಲಿ ಎಲ್ಲಿ ತರ್ಲಿ ಕಣ್ರಮ್ಮ, ನೀವು ಕೊಟ್ಟಿದ್ದೇ ಅದು,” ಎಂದಳು ಚಿಕ್ಕತಾಯಮ್ಮ, ಡಬ್ಬಿ ತೊಳೆಯುತ್ತಾ. “ನಮ್ಮ ಮೊಮ್ಮಗಳು ತಾರೀಖು ಓದಿ, ಮನೇಲಿ ಯಾರೂ ತಿನ್ನಕೂಡ್ದು ಅಂದ್ಬಿಟ್ಲು. ಎಸೆಯಕ್ಕೆ ನಂಗೆ ಮನಸ್ಸು ಬರಲಿಲ್ಲ.”