ಅಮ್ಮ ಮುಟ್ಟಗೊಡದ ಡಬ್ಬಿ

ಈಗಲೂ ಬಿಸಿ ಅರಗಿನ ವಾಸನೆ ಬಂದರೆ ಚನ್ನಪಟ್ಟಣದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಅರಗಿನ ಬಣ್ಣ ಹಚ್ಚಿದ ಮರದ ಗೊಂಬೆ ಮಾಡುತ್ತಿದ್ದರು. ಮನೆಯ ಹಣಕಾಸು ಸಚಿವೆಯಾದ ಅಮ್ಮ ದುಡ್ಡನ್ನು ಡಬ್ಬಿಗಳಲ್ಲಿ ಹಂಚಿಡುತ್ತಿದ್ದರು: ಮರಕ್ಕೆ, ಕರೆಂಟಿಗೆ, ಬಂದವರ ಕಾಫಿಗೆ. ಕಾಫಿಗೇಕೆ ಪ್ರತ್ಯೇಕ ಡಬ್ಬಿ ಎಂಬುದು ನನ್ನನ್ನು ಕಾಡಿದ ಘನ ಪ್ರಶ್ನೆ.

ಅಂದು ಮರ ಮಾರುವವನು ಬಾಗಿಲಿಗೆ ಬಂದಾಗ ಮರಕ್ಕಿಟ್ಟ ಡಬ್ಬಿ ಖಾಲಿಯಾಗಿತ್ತು. ಮರವಿಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಕೈತಪ್ಪುತ್ತಿತ್ತು.

"ಕಾಫಿ ದುಡ್ಡು ತತ್ತಾ, ಒಸಿ ಮರನಾದ್ರೂ ಇಳಿಸ್ಕತೀನಿ," ಎಂದರು ಅಪ್ಪ.

"ಅದನ್ನ ಮುಟ್ಬ್ಯಾಡಿ. ಕಾಫಿ ಕೊಡ್ದಿದ್ರೆ ಇವ್ರು ಮುಳುಗೋದ್ರು ಅಂತ ಊರಿಗೆಲ್ಲ ಸಾರ್ಬುಡ್ತಾನೆ," ಎಂದರು ಅಮ್ಮ.

ಮರದವನಿಗೆ ಗಟ್ಟಿ ಕಾಫಿ ಹೋಯಿತು. "ನಿಮ್ಗೇನಣ್ಣ, ಯಾಪಾರ ಜೋರಾಗೈತೆ! ದುಡ್ಡು ನಿಧಾನಕ್ಕೆ ಕೊಡಿ," ಎಂದವನು ಮರವನ್ನೆಲ್ಲ ಇಳಿಸಿ ಹೋದ.

ಆಮೇಲೆ ಅಪ್ಪ ಅವನ ಲೋಟ ತೊಳೆದಿಟ್ಟರು. ಅಪ್ಪ ಲೋಟ ತೊಳೆದದ್ದನ್ನು ನಾನು ಕಂಡದ್ದು ಅದೇ ಮೊದಲು.