ಜೇನು ನೆಕ್ಕಿಸಿದವಳು

"ನಿನ್ನ ಬಾಯಿಗಿಷ್ಟು ಬೆಂಕಿ ಹಾಕ! ನಿನ್ನ ಗುಣಾನ ಬಂದು ಕುಂತೈತಿ ನನ್ನ ಮೊಮ್ಮಗಳಿಗೆ!"

"ಬಂದಿದ್ರ ಚಲೋ ಆತು ಬಿಡು ಶಂಕ್ರವ್ವಕ್ಕ. ಯಾರ ಮುಂದೂ ತಲಿ ಬಗ್ಗಸೂದಿಲ್ಲ ಕೂಸು."

"ನಾಳಿಂದ ನೀ ಎರಿಯಾಕ ಬರಬ್ಯಾಡ. ನನ್ನ ಹೊಸ್ತಲಾ ತುಳೀಬ್ಯಾಡ!"

ಕೂಸಿಗೆ ನೀರೆರೆದು ಮುಗಿಸಿ, ಒದ್ದೆ ಸೀರೆ ಹಿಂಡುತ್ತಿದ್ದ ಫಕ್ಕೀರವ್ವನ ಕೈ ಅಲ್ಲೇ ನಿಂತಿತು…

ಒಳಗೆ ತೊಟ್ಟಿಲಲ್ಲಿ ಮೂರು ತಿಂಗಳ ಕೂಸು ಕಿಟಾರನೆ ಕಿರುಚುತ್ತಿತ್ತು.

ಎಣ್ಣೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಫಕ್ಕೀರವ್ವ ಎದ್ದಳು. ಬಾಗಿಲಲ್ಲಿ ತಿರುಗಿ ಒಂದೇ ಮಾತು ಹೇಳಿದಳು.

"ನೆತ್ತಿಗೆ ಎಣ್ಣಿ ಮರೀಬ್ಯಾಡ್ರಿ… ಥಂಡಿ ಹತ್ತೀತು."

ಈ ಜಗಳದ ಬೇರು ಇರುವುದು ಒಂದು ಹನಿ ಜೇನಿನಲ್ಲಿ.

ಹುಟ್ಟಿದ ಕೂಸಿನ ನಾಲಿಗೆಗೆ ಮೊದಲು ಯಾರು ಜೇನು ಮುಟ್ಟಿಸುತ್ತಾರೋ ಅವರ ಗುಣವೇ ಅದಕ್ಕೆ ಬರುತ್ತದೆ ಎಂಬುದು ಶಂಕ್ರವ್ವನ ಮನೆತನದ ನಂಬಿಕೆ.

ಅದಕ್ಕೆಂದೇ ಆಕೆ ತನ್ನ ತಮ್ಮನನ್ನು ಗೊತ್ತು ಮಾಡಿದ್ದಳು. ಮೂವತ್ತು ವರ್ಷ ಮೇಷ್ಟ್ರಾಗಿದ್ದರೂ ಒಬ್ಬ ಹುಡುಗನಿಗೂ ಕೈ ಎತ್ತದ ಮನುಷ್ಯ. ಜೇನಿನ ಬಾಟಲಿ, ಬಂಗಾರದ ಉಂಗುರ ಎಲ್ಲ ತಯಾರಿತ್ತು.

ಆದರೆ ಕೂಸಿಗೇನು ಗೊತ್ತು ನಮ್ಮ ಲೆಕ್ಕಾಚಾರ? ಹನ್ನೆರಡು ದಿನ ಮೊದಲೇ ಹೊರಟು ನಿಂತಿತು!

ಶಂಕ್ರವ್ವ ಆ ದಿನ ಕೊಪ್ಪಳಕ್ಕೆ ಮದುವೆಗೆ ಹೋಗಿದ್ದಳು. ಸೊಸೆ ಮಂಗಲಾಳನ್ನು ಆಟೋದಲ್ಲಿ ಹಾಕಿಕೊಂಡು, ಚೀಲದಲ್ಲಿ ಜೇನಿನ ಬಾಟಲಿಯನ್ನೂ ಇಟ್ಟುಕೊಂಡು ಆಸ್ಪತ್ರೆಗೆ ಓಡಿದವಳು, ಮಂಗಲಾ ರೊಟ್ಟಿ ಬಡಿಯಲು ಹೋಗುತ್ತಿದ್ದ ಹಿಂದಿನ ಓಣಿಯ ಫಕ್ಕೀರವ್ವ.

ಶಂಕ್ರವ್ವ ಬಂದು ಕೇಳಿದ ಮೊದಲ ಮಾತು, "ಜೇನು?"

"ನಾನ ನೆಕ್ಕಿಸೀನಿ," ಎಂದಳು ಫಕ್ಕೀರವ್ವ.

ಶಂಕ್ರವ್ವ ತಲೆ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕುಸಿದಳು…

ಯಾಕೆಂದರೆ ಫಕ್ಕೀರವ್ವನ ಬಾಯಿ ಗಜೇಂದ್ರಗಡಕ್ಕೆಲ್ಲ ಗೊತ್ತು. ಮನೆಯ ಪಡಸಾಲೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಹೆಂಗಸು. ರೊಟ್ಟಿ ಹರಿದರೆ ಹಿಟ್ಟಿಗೂ ಬೈಯುವವಳು. ಗಂಡನಿಲ್ಲ, ಮಕ್ಕಳಿಲ್ಲ… ಇದ್ದದ್ದು ಬಾಯಿ ಒಂದೇ.

ಅಂದಿನಿಂದ ಕೂಸು ಅತ್ತಾಗಲೆಲ್ಲ ಬೈಗುಳ ಫಕ್ಕೀರವ್ವನಿಗೆ. ಆದರೂ ಆಕೆ ದಿನ ತಪ್ಪದೆ ಬಂದು ಎರೆಯುತ್ತಿದ್ದಳು. ಎರೆಯುವಾಗ ಕೂಸಿಗೂ ಬೈಯುತ್ತಿದ್ದಳು. "ಏ ಕಳ್ಳಿ, ಕಾಲು ಝಾಡಿಸಬ್ಯಾಡ!"

ಆ ಅರ್ಧ ಗಂಟೆ ಮಾತ್ರ ಕೂಸು ತಣ್ಣಗಿರುತ್ತಿತ್ತು. ಬಿಸಿನೀರಿನ ಸುಖ ಎಂದುಕೊಂಡಿದ್ದಳು ಶಂಕ್ರವ್ವ.

ಜಗಳದ ಮರುದಿನ ಎರೆಯಲು ಮೆಲುಮಾತಿನ ಗೌರವ್ವ ಬಂದಳು. ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಬಾರದು ಎಂದು ಶಂಕ್ರವ್ವನ ಹುಕುಂ ಆಯಿತು.

ಕೂಸು ಬಚ್ಚಲಲ್ಲೂ ಅತ್ತಿತು. ತೊಟ್ಟಿಲಲ್ಲೂ ಅತ್ತಿತು. ಐದನೆಯ ದಿನ ಹಾಲನ್ನೂ ಸರಿಯಾಗಿ ಕುಡಿಯದಾಯಿತು.

"ಎಲ್ಲಾ ಆಕೀ ಜೇನಿನ ಪ್ರತಾಪ!" ಎಂದು ಶಂಕ್ರವ್ವ ಹಲ್ಲು ಕಡಿದಳು.

ಎಂದೂ ಎದುರು ಮಾತಾಡದ ಮಂಗಲಾ ಗೋಡೆಗೆ ಒರಗಿದವಳು ಬಿಕ್ಕಿಬಿಟ್ಟಳು.

"ಅತ್ತಿ… ಫಕ್ಕೀರವ್ವಕ್ಕ ಜೇನು ನೆಕ್ಕಿಸೇ ಇಲ್ಲರಿ."

"ಏನಂದಿ?"

"ನರ್ಸಮ್ಮ ಬ್ಯಾಡಂದ್ರು. ತಾಯಿ ಹಾಲು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ ಅಂದ್ರು. ಪದ್ಧತಿ ತಪ್ಪಿತಂತ ನೀವು ನೊಂದೀರಂತ ಆಕಿ ಹಂಗ ಹೇಳಿದ್ಲು."

"ಮತ್ತ ಇಷ್ಟು ದಿನ ಬೈಸ್ಕೊಂಡ್ಲಲ್ಲ! ಬಾಯಿ ಇರಲಿಲ್ಲೇನು ಆಕಿಗೆ?"

"ನಾ ಖರೇ ಹೇಳ್ತೀನಿ ಅಂದೆ. ಆಕಿನ ಬಿಡಲಿಲ್ಲ. 'ಜೇನಲ್ಲ ಅಂದ್ರ ನಿನ್ನ ರಕ್ತ ಅಂತಾರ… ತಾಯಿ ಇಲ್ಲದಾಕಿ ಬೆಳದ ರೀತಿ ಅಂತಾರ. ಬೈಗಳ ನಾ ತಿಂತೀನಿ, ನನಗ ರೂಢಿ ಐತಿ. ನೀ ತಿಂದ್ರ ಎದಿಹಾಲು ಬತ್ತತೈತಿ' ಅಂದ್ಲರಿ…"

ಶಂಕ್ರವ್ವ ಗೋಡೆಯ ಗೂಡಿನಲ್ಲಿದ್ದ ಜೇನಿನ ಬಾಟಲಿ ತೆಗೆದು ನೋಡಿದಳು.

ಸೀಲ್ ಹಾಗೇ ಇತ್ತು…

ಅಳುವ ಕೂಸನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಚಪ್ಪಲಿಯನ್ನೂ ಮೆಟ್ಟದೆ ಮಧ್ಯಾಹ್ನದ ಬಿಸಿಲಲ್ಲಿ ಹಿಂದಿನ ಓಣಿಗೆ ನಡೆದಳು.

ಫಕ್ಕೀರವ್ವ ಬಾಗಿಲಿಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಳು. ತಟ್… ತಟ್… ತಟ್…

"ಯಾವಾಕಿ ಅದು, ಕೂಸಿನ್ನ ಹಂಗ ಅಳಿಸ್ಕೋತ ಬರಾಕಿ? ಕೈಯಾಗ ಜೀವ ಇಲ್ಲೇನು?"

ಗಕ್ಕನೆ ಅಳು ನಿಂತಿತು!

ಕೂಸು ಕಣ್ಣರಳಿಸಿ ಆ ದನಿ ಬಂದ ಕಡೆ ಕತ್ತು ಹೊರಳಿಸಿತು.

ಶಂಕ್ರವ್ವನಿಗೆ ಆಗ ಹೊಳೆಯಿತು. ಬಸಿರು ಎಂಟು ತಿಂಗಳು ತುಂಬುವವರೆಗೂ ಮಂಗಲಾ ದಿನಾ ಕುಳಿತು ರೊಟ್ಟಿ ಬಡಿದದ್ದು ಇದೇ ಪಡಸಾಲೆಯಲ್ಲಿ, ಇವಳ ಪಕ್ಕದಲ್ಲಿ. ಈ ತಟ್ ತಟ್ ಸದ್ದು, ಈ ಬೈಗುಳ… ಕೂಸು ಹೊಟ್ಟೆಯೊಳಗಿಂದಲೇ ಕೇಳಿದ ಜೋಗುಳ!

ಆ ಜೋಗುಳವನ್ನೇ ತಾನು ಮನೆಯಿಂದ ಹೊರಗೆ ಹಾಕಿದ್ದಳು.

ಫಕ್ಕೀರವ್ವ ತಿರುಗಿ ನೋಡಿದಳು. ಹಿಟ್ಟಿನ ಕೈ ಗಾಳಿಯಲ್ಲೇ ನಿಂತಿತು. "ಯಾಕ ಬಂದಿ? ನನ್ನ ಗುಣ ಬಂದೀತು ಕೂಸಿಗೆ, ಕರ್ಕೊಂಡ್ಹೋಗು."

ಶಂಕ್ರವ್ವ ಕೂಸನ್ನು ಅವಳ ಮಡಿಲಿಗೆ ಹಾಕಿದಳು.

"ಬಂದಿಲ್ಲ ಫಕ್ಕೀರಿ… ಬರಲಿ ಅಂತನ ತಂದೀನಿ."

ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೊಗಿ ಹೋತು ಕಣ್ಣಾಗ," ಎಂದಳು.

ಒಲೆ ಗ್ಯಾಸಿನದು!

ಇತ್ತ ಮನೆಯಲ್ಲಿ ಮಂಗಲಾ ದಾರಿ ಕಾದಳು. ಮೂರು ಗಂಟೆಯಾಯಿತು… ಕೂಸಿಗೆ ಹಾಲು ಕುಡಿಸಲು ತಾನೇ ಹಿಂದಿನ ಓಣಿಗೆ ಹೋಗಿ ಬಂದಳು. ದೀಪ ಹಚ್ಚುವ ಹೊತ್ತಾಯಿತು… ಮತ್ತೂ ಒಮ್ಮೆ ಹೋದಳು.

ಮುದುಕಿಯರಿಬ್ಬರೂ ಕೂಸಿನ ಮೂಗು ಯಾರ ಹಾಗಿದೆ ಎಂದು ಓಣಿಗೆಲ್ಲ ಕೇಳುವಂತೆ ಜಗಳವಾಡುತ್ತಿದ್ದರು. ಕೂಸು ನಡುವೆ ನಿದ್ದೆ ಹೋಗಿತ್ತು.

ಮಧ್ಯಾಹ್ನ ಮನೆ ಬಿಟ್ಟ ಶಂಕ್ರವ್ವ… ಆ ದಿನ ವಾಪಸ್ ಬರಲೇ ಇಲ್ಲ.

*ಕೂಸು ಯಾರ ಗುಣ ಹೊತ್ತು ಬಂತು ಎಂದು ಹುಡುಕಬೇಡಿ. ಯಾರ ದನಿಯಲ್ಲಿ ಅದಕ್ಕೆ ಪ್ರೀತಿ ಕೇಳಿಸುತ್ತದೆ ಎಂದು ನೋಡಿ.*

ನಿಮ್ಮ ಮನೆಯ ಕೂಸು ಅತ್ತಾಗ… ನೀವು ಮೊದಲು ಅದನ್ನು ಎತ್ತಿಕೊಳ್ಳುತ್ತೀರೋ, ಯಾರ ತಲೆಗೆ ತಪ್ಪು ಕಟ್ಟಲಿ ಎಂದು ಸುತ್ತ ನೋಡುತ್ತೀರೋ?